ಪಾಳುಬಿದ್ದದ್ದರ ಫೋಟೊ ತೆಗೆಯುವ ಮುನ್ನ

ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವ ಕಲ್ಲಿನ ರಥವನ್ನು ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಾದರೂ ನೀವು ನೋಡಿರುತ್ತೀರಿ. ಆ ರಥದ ನೆತ್ತಿಯ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಶಿಖರವೂ ಇತ್ತು. ಈ ಮಾತಿಗೆ ಗಟ್ಟಿ ಸಾಕ್ಷಿ 1856ರಲ್ಲಿ ತೆಗೆದ ಫೋಟೊ. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ದೊಡ್ಡ ಕ್ಯಾಮೆರಾ ಹೊತ್ತು ತಂದು, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಪಾಳು ಹಂಪಿಯನ್ನು ಹಿಡಿದಿಟ್ಟ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಉಳಿಯಿತು, ಏನು ಹೋಯಿತು, ಯಾವುದು ದುರಸ್ತಿಯಾಯಿತು ಎಂಬುದು ಕಣ್ಣಿಗೇ ಕಾಣುತ್ತದೆ.

ಪಾಳುಬಿದ್ದ ಕಟ್ಟಡ, ತುಕ್ಕು ಹಿಡಿದ ಗಾಡಿಗಳ ಫೋಟೊ ತೆಗೆಯಬೇಕೆಂದು ಆಸೆಪಡುವ ಹೊಸಬರಿಗೆ ನಾನು ಮೊದಲು ಹೇಳುವುದು ಗ್ರೀನ್‌ಲಾನ ವಿಚಾರವನ್ನೇ. ಅವನ ಚಿತ್ರಗಳು ಇವತ್ತಿಗೂ ಕೆಲಸಕ್ಕೆ ಬರುವುದು ಅವು ಚೆಂದವಾಗಿವೆ ಎಂಬ ಕಾರಣಕ್ಕಷ್ಟೇ ಅಲ್ಲ. ದೂರ ಸರಿದು ನಿಂತು, ಬುಡದಿಂದ ತುದಿಯವರೆಗೆ ಇಡೀ ಕಟ್ಟಡವನ್ನು ಚೌಕಟ್ಟಿನೊಳಗೆ ತಂದ ಕಾರಣಕ್ಕೆ. ಒಡೆದ ಕಿಟಕಿ, ಗೋಡೆಯೊಳಗಿನ ಆಲದ ಬೇರು, ಬಾಗಿಲಿನ ತುಕ್ಕು ಹಿಡಿದ ಚಿಲಕ ಇವೆಲ್ಲ ಮನಸ್ಸು ಸೆಳೆಯುತ್ತವೆ, ನಿಜ. ಆದರೆ ಚಿಲಕದ ಚಿತ್ರ ಎಷ್ಟೇ ಸೊಗಸಾಗಿದ್ದರೂ ಆ ಬಾಗಿಲು ಯಾವ ಮನೆಯದು ಎಂಬುದನ್ನು ಅದು ಹೇಳಲಾರದು. ಮೊದಲು ಇಡಿಯಾದದ್ದು, ಆಮೇಲೆ ಬಿಡಿಯಾದದ್ದು. ಈ ಕ್ರಮ ರೂಢಿಯಾದರೆ ಅರ್ಧ ಕಲಿತ ಹಾಗೆ.

ಕಲಿಯಲು ಒಳ್ಳೆಯ ಜಾಗ ಕೋಲಾರದ ಚಿನ್ನದ ಗಣಿ ಪ್ರದೇಶ, ಅಂದರೆ ಕೆಜಿಎಫ್. 1880ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿ ದೊಡ್ಡ ಪ್ರಮಾಣದ ಗಣಿಗಾರಿಕೆ ನಡೆಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಹರಿದು ಬಂದದ್ದು ಈ ಗಣಿಗಳಿಗೇ. ಚಾಂಪಿಯನ್ ರೀಫ್ ಗಣಿ ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಶಾಫ್ಟುಗಳ ಮೇಲಿನ ಉಕ್ಕಿನ ಗೋಪುರಗಳು, ಕಾರ್ಮಿಕರ ಲೈನ್ ಮನೆಗಳು, ಹಳೆಯ ಬಂಗಲೆಗಳು, ಅದಿರಿನ ಪುಡಿ ಸುರಿದು ಬೆಳೆದ ಸೈನೈಡ್ ದಿಬ್ಬಗಳು, ಇವು ಆ ಕಾಲದ ಉಳಿಕೆಗಳು.

ಇಲ್ಲಿಗೆ ಬಂದವರು ಊರಿಗೂರೇ ಸತ್ತುಹೋದಂತೆ ಚಿತ್ರ ತೆಗೆದುಕೊಂಡು ಹೋಗುವುದುಂಟು. ಅದು ಸುಳ್ಳು ದಾಖಲೆ. ಲೈನ್ ಮನೆಗಳಲ್ಲಿ ಈಗಲೂ ಸಂಸಾರಗಳಿವೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಿಂದ ಜನ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ನಿಂತುಹೋದದ್ದು ಗಣಿ, ಊರಲ್ಲ. ಗೋಪುರದ ಹಿಂದೆ ಒಣಹಾಕಿದ ಬಟ್ಟೆ ಕಂಡರೆ ಅದನ್ನು ಚೌಕಟ್ಟಿನಿಂದ ಆಚೆ ತಳ್ಳಬೇಡಿ. ಜನರ ಮುಖ, ಮನೆಯ ಒಳಗು ಬೇಕಾದರೆ ಮಾತ್ರ ಕೇಳಿಯೇ ತೆಗೆಯಿರಿ.

ಇಂಥ ಗಣಿಗೋಪುರಗಳನ್ನು ಹೇಗೆ ತೆಗೆಯಬೇಕೆಂದು ಜಗತ್ತಿಗೆ ತೋರಿಸಿಕೊಟ್ಟವರು ಜರ್ಮನಿಯ ದಂಪತಿ ಬರ್ಂಡ್ ಮತ್ತು ಹಿಲ್ಲಾ ಬೆಕರ್. 1959ರಿಂದ ದಶಕಗಟ್ಟಲೆ ಅವರು ಕಲ್ಲಿದ್ದಲು ಗಣಿಗಳ ಗೋಪುರ, ನೀರಿನ ಟ್ಯಾಂಕು, ಊದುಕುಲುಮೆಗಳನ್ನು ಕಪ್ಪುಬಿಳುಪಿನಲ್ಲಿ ತೆಗೆದರು. ಮೋಡ ಕವಿದ ಆಕಾಶ, ನೇರ ನೋಟ, ನಡುಮಧ್ಯೆ ಕಟ್ಟಡ. ಒಂದೇ ಬಗೆಯ ಹತ್ತಾರು ಗೋಪುರಗಳನ್ನು ಒಟ್ಟಿಗೆ ಜೋಡಿಸಿದಾಗ ಒಂದೊಂದರ ರಚನೆಯಲ್ಲಿರುವ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ. ಸಂಜೆಗೆಂಪಿನ ಮೋಹದಲ್ಲಿರುವ ಹೊಸಬರಿಗೆ ಈ ಚಿತ್ರಗಳು ಮೊದಲಿಗೆ ಸಪ್ಪೆ ಅನಿಸಬಹುದು. ಸ್ವಲ್ಪ ಹೊತ್ತು ನೋಡುತ್ತಾ ಕೂತರೆ ಅವುಗಳ ಸತ್ವ ತಿಳಿಯುತ್ತದೆ.

ನಿಮಗೆ ದುಬಾರಿ ಕ್ಯಾಮೆರಾ ಬೇಕಿಲ್ಲ, ಮೊಬೈಲ್ ಸಾಕು. ಅದರ ಅತಿ ಅಗಲದ ಲೆನ್ಸ್ ಗೋಡೆಗಳನ್ನು ವಾಲಿಸಿ ತೋರಿಸುವುದರಿಂದ ಸಾಧಾರಣ ಲೆನ್ಸಿನಲ್ಲೇ ಇದ್ದು, ನೀವೇ ಹಿಂದೆ ಸರಿಯಿರಿ. ಮೋಡದ ದಿನ ನೆರಳು ಗಾಢವಾಗಿ ಬೀಳುವುದಿಲ್ಲ, ಹಾಗಾಗಿ ಮೂಲೆಗಳೂ ಕಾಣುತ್ತವೆ. ಆದರೆ ಮಳೆಗಾಲದಲ್ಲಿ ಗಿಡಗಂಟಿ ಗೋಡೆಯನ್ನೇ ಮುಚ್ಚಿಬಿಡುತ್ತದೆ. ಮಾರ್ಚ್ ತಿಂಗಳ ಹೊತ್ತಿಗೆ ಹುಲ್ಲು ಒಣಗಿ, ಅಡಿಪಾಯದವರೆಗೆ ಎಲ್ಲವೂ ಬಯಲಾಗುತ್ತದೆ. ಆಗ ಬೆಳಗ್ಗೆ ಬೇಗ ಹೋಗುವುದು ಮೇಲು. ಕಟ್ಟಡವನ್ನು ಒಂದು ಸುತ್ತು ಹಾಕಿ ನಾಲ್ಕೂ ಮುಖ ತೆಗೆಯಿರಿ. ಬಾಗಿಲ ಪಕ್ಕ ಗೆಳೆಯರೊಬ್ಬರು ನಿಂತರೆ ಎತ್ತರದ ಅಂದಾಜು ಸಿಗುತ್ತದೆ. ಹೆಂಚಿನ ಮೇಲೆ ಒತ್ತಿದ ಕಾರ್ಖಾನೆಯ ಹೆಸರು, ಗಾರೆಯಲ್ಲಿ ಬರೆದ ಇಸವಿ, ಮಾಸಿದ ಬೋರ್ಡು, ಇವನ್ನು ಬಿಡಬೇಡಿ. ಗೋಡೆಗಿಂತ ಮೊದಲು ಅಳಿಯುವುದು ಅಕ್ಷರ.

ಗಾಡಿಗಳಿಗೂ ಇದೇ ಕ್ರಮ. ಶೆಡ್ಡಿನ ಹಿಂದೆ ನಿಂತ ಅಂಬಾಸಡರ್ ಕಾರಿನ ಮುಂದು, ಹಿಂದು, ಎರಡು ಮಗ್ಗುಲು, ಆಮೇಲೆ ಸ್ಟಿಯರಿಂಗ್, ಮೀಟರು. ನಂಬರ್ ಪ್ಲೇಟನ್ನು ಗಮನವಿಟ್ಟು ನೋಡಿ. ನಮ್ಮ ರಾಜ್ಯದಲ್ಲಿ ‘ಕೆಎ’ ಬಂದದ್ದು 1989ರ ಸುಮಾರಿಗೆ. ಅದಕ್ಕೂ ಮೊದಲಿನವು ‘ಎಂವೈ’, ‘ಎಂಇ’, ‘ಸಿಎ’ ಎಂಬಂಥ ಅಕ್ಷರಗಳಿಂದ ಶುರುವಾಗುತ್ತಿದ್ದವು. ಅಷ್ಟರಿಂದಲೇ ಗಾಡಿಯ ವಯಸ್ಸು ಸುಮಾರಾಗಿ ಗೊತ್ತಾಗುತ್ತದೆ. ಗುಜರಿಯವರು ಯಾವಾಗ ಬಂದು ತುಂಡು ಮಾಡಿ ಒಯ್ಯುತ್ತಾರೋ ಹೇಳಲಾಗದು. ಕಟ್ಟಡ ಕಾಯಬಹುದು, ಗಾಡಿ ಕಾಯುವುದಿಲ್ಲ.

ಇನ್ನು ಬರವಣಿಗೆ. ಹೊಸಬರು ತಪ್ಪಿಸಿಕೊಳ್ಳುವ ಭಾಗ ಇದೇ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಊರು, ಬೀದಿ, ತಾರೀಖು, ನೀವು ನಿಂತ ಜಾಗ, ಮುಖ ಮಾಡಿದ ದಿಕ್ಕು, ಇಷ್ಟನ್ನು ಅಲ್ಲೇ ಬರೆದುಕೊಳ್ಳಿ. ಮುಂದೊಂದು ದಿನ ಇನ್ನೊಬ್ಬರು ಅದೇ ಜಾಗದಲ್ಲಿ ನಿಂತು ತೆಗೆಯುವಂತಿರಬೇಕು. ಆಮೇಲೆ ಹತ್ತಿರದ ಚಹಾ ಅಂಗಡಿಯಲ್ಲಿ ಕೂತು ಹಿರಿಯರನ್ನು ಕೇಳಿ: ಇಲ್ಲಿ ಏನು ನಡೀತಿತ್ತು ಅಜ್ಜಾ? ಯಾವ ಬಾಗಿಲಲ್ಲಿ ಬಟವಾಡೆ ಆಗ್ತಿತ್ತು? ಕೆಜಿಎಫ್‌ನಲ್ಲಾದರೆ ಉತ್ತರ ತಮಿಳಿನಲ್ಲೋ ತೆಲುಗಿನಲ್ಲೋ ಬರಬಹುದು. ಅವರು ಬಳಸಿದ ಹೆಸರನ್ನು ಹಾಗೆಯೇ ಬರೆದುಕೊಳ್ಳಿ. ಚಿತ್ರ ಗೋಡೆಯನ್ನು ತೋರಿಸೀತು, ಆ ಗೋಡೆಯೊಳಗೆ ಯಾರು ಏನು ಮಾಡುತ್ತಿದ್ದರು ಎಂಬುದನ್ನು ಜನರೇ ಹೇಳಬೇಕು.

ಎಚ್ಚರಿಕೆಯ ಮಾತನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ಖಾಲಿ ಇದೆ ಅಂದ ಮಾತ್ರಕ್ಕೆ ಅದಕ್ಕೆ ವಾರಸುದಾರರಿಲ್ಲ ಎಂದಲ್ಲ. ಖಾಸಗಿ ಜಾಗವಾದರೆ ಮಾಲೀಕರ, ಸರ್ಕಾರಿ ಜಾಗವಾದರೆ ಇಲಾಖೆಯ ಒಪ್ಪಿಗೆ ಪಡೆಯಿರಿ. ಕುದುರೆಮುಖದ ಕಬ್ಬಿಣದ ಗಣಿ 2005ರ ಕೊನೆಗೆ ನಿಂತಿತು. ಸುತ್ತಲಿನದು ರಾಷ್ಟ್ರೀಯ ಉದ್ಯಾನವಾದ್ದರಿಂದ ಅಲ್ಲಿ ಅರಣ್ಯ ಇಲಾಖೆಯ ನಿಯಮಗಳೂ ಅನ್ವಯಿಸುತ್ತವೆ. ಒಬ್ಬರೇ ಹೋಗಬೇಡಿ. ಮರದ ಅಟ್ಟ, ಸಿಮೆಂಟ್ ಶೀಟಿನ ಮಾಡು ಹತ್ತಬೇಡಿ. ಬಾಯಿ ತೆರೆದ ಶಾಫ್ಟು, ಬಾವಿಗಳ ಹತ್ತಿರ ಸುಳಿಯಬೇಡಿ. ಗಾಳಿ ಬೀಸುವಾಗ ಸೈನೈಡ್ ದಿಬ್ಬಗಳ ದೂಳಿನಿಂದ ದೂರವಿರಿ. ಕಲ್ಲುರಾಶಿಯಲ್ಲಿ ಹಾವಿರುತ್ತದೆ. ಚಿತ್ರ ಚೆನ್ನಾಗಿ ಬರಲೆಂದು ಅಲ್ಲಿದ್ದ ಕುರ್ಚಿ, ಚಪ್ಪಲಿ, ಕಾಗದಗಳನ್ನು ಸರಿಸಿಡಬೇಡಿ, ನೆನಪಿಗೆಂದು ಮನೆಗೂ ತರಬೇಡಿ.

ಮನೆಗೆ ಬಂದ ಮೇಲೆ ಮೂಲ ಫೈಲನ್ನು ಮುಟ್ಟದೆ ಎರಡು ಕಡೆ ಇಟ್ಟುಕೊಳ್ಳಿ. ಬಣ್ಣ ತಿದ್ದುವುದಿದ್ದರೆ ನಕಲಿನಲ್ಲಿ ತಿದ್ದಿ. ಒಂದು ಪ್ರತಿಯನ್ನು ವಿವರಗಳ ಸಮೇತ ಆ ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಡಿ.

ಇದನ್ನೆಲ್ಲ ಕಲಿಯಲು ಹಂಪಿಗೋ ಕೆಜಿಎಫ್‌ಗೋ ಹೋಗಲೇಬೇಕೆಂದಿಲ್ಲ. ನಿಮ್ಮೂರಿನಲ್ಲೇ ಮುಚ್ಚಿದ ಟಾಕೀಸೋ, ಅಕ್ಕಿ ಗಿರಣಿಯೋ, ಹೆಂಚಿನ ಕಾರ್ಖಾನೆಯೋ ಇದ್ದೀತು. ಈ ಭಾನುವಾರ ಅದರ ಮಾಲೀಕರನ್ನು ಕಂಡು ಮಾತಾಡಿ, ಅಲ್ಲಿಂದಲೇ ಶುರುಮಾಡಿ.