ಟೇಬಲ್ ಟೆನಿಸ್: ಚೀನಾಗೂ ಮುಂಚೆ ಜಪಾನ್

ಟೇಬಲ್ ಟೆನಿಸ್ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಚೀನಾ. ಆದರೆ 1950ರ ದಶಕದಲ್ಲಿ ಈ ಆಟ ಆಳಿದ್ದು ಜಪಾನ್. ಅದು ಶುರುವಾಗಿದ್ದು ನಮ್ಮ ಬಾಂಬೆಯಲ್ಲಿ! 1952ರ ವಿಶ್ವ ಚಾಂಪಿಯನ್‌ಶಿಪ್‌ಗೆ ಹಿರೋಜಿ ಸಾತೋ ದಪ್ಪ ಸ್ಪಂಜ್ ಅಂಟಿಸಿದ ಬ್ಯಾಟ್ ತಂದಿದ್ದರು. ಆಗಿನ ರಬ್ಬರ್ ಬ್ಯಾಟಿನಲ್ಲಿ 'ಟಕ್' ಅಂತ ಸದ್ದು ಬರ್ತಿತ್ತು, ಹೊಡೆತ ಎಷ್ಟು ಜೋರು ಅಂತ ಎದುರಾಳಿಗೆ ಕಿವಿಯಿಂದಲೇ ಅಂದಾಜು ಸಿಗ್ತಿತ್ತು. ಸ್ಪಂಜ್‌ನಲ್ಲಿ ಸದ್ದೇ ಇಲ್ಲ. ಚೆಂಡು ಸ್ಪಂಜನ್ನು ಒತ್ತುತ್ತೆ, ಆಮೇಲೆ ಸ್ಪ್ರಿಂಗ್ ಥರ ಚಿಮ್ಮುತ್ತೆ. ಸಾತೋ ಸಿಂಗಲ್ಸ್ ಗೆದ್ದೇಬಿಟ್ಟರು.

ಚೀನಾಗೆ ಮೊದಲ ವಿಶ್ವ ಪ್ರಶಸ್ತಿ ತಂದವರು ರೋಂಗ್ ಗುವೋತುವಾನ್, 1959ರಲ್ಲಿ. 1961ರಲ್ಲಿ ಬೀಜಿಂಗ್‌ನಲ್ಲಿ ನಡೆದ ಪುರುಷರ ಟೀಮ್ ಫೈನಲ್‌ನಲ್ಲಿ ಜಪಾನ್ ಸೋತಿತು. ಚೀನಾದ ಒಂದು ಉಪಾಯ ನನಗೆ ಭಾರಿ ಇಷ್ಟ. ತನ್ನದೇ ಕೆಲವು ಆಟಗಾರರಿಗೆ ವಿದೇಶಿ ಎದುರಾಳಿಗಳ ಶೈಲಿ ಕಲಿಸಿ, ಅವರ ಎದುರು ಮುಖ್ಯ ಆಟಗಾರರಿಗೆ ಪ್ರ್ಯಾಕ್ಟೀಸ್ ಮಾಡಿಸೋದು. ಕಂಪ್ಯೂಟರ್ ಇಲ್ಲದ ಸಿಮ್ಯುಲೇಶನ್! (ಪಾಪ, ಹಾಗೆ ಅನುಕರಣೆ ಮಾಡಿದವರ ಹೆಸರು ನಮಗೆ ಗೊತ್ತೇ ಆಗಲ್ಲ.)

2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಮಿಕ್ಸೆಡ್ ಡಬಲ್ಸ್ ಫೈನಲ್‌ನಲ್ಲಿ ಚೀನಾ ಎದುರು ಮೊದಲ ಎರಡು ಗೇಮ್ ಕಳೆದುಕೊಂಡ ಮಿಜುತಾನಿ–ಇತೋ ಜೋಡಿ 4-3ರಲ್ಲಿ ಗೆದ್ದಿತು. ಟೇಬಲ್ ಟೆನಿಸ್‌ನಲ್ಲಿ ಜಪಾನ್‌ಗೆ ಅದೇ ಮೊದಲ ಒಲಿಂಪಿಕ್ ಚಿನ್ನ. ಮೂರು ವರ್ಷಕ್ಕೆ ಪ್ಯಾರಿಸ್‌ನಲ್ಲಿ ಐದಕ್ಕೆ ಐದೂ ಚಿನ್ನ ಚೀನಾ ಪಾಲಾಯ್ತು.