ಉದ್ದಿಮೆಯಲ್ಲಿ ಸ್ವಯಂಚಾಲನೆ: ಲಾಭ-ನಷ್ಟಗಳ ತುಲನೆ

ಮುಂಬಯಿಯಿಂದ ಕಲ್ಯಾಣದ ಮೂಲಕ ಕರ್ಜತ್ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಅಂಬರನಾಥ ಪಟ್ಟಣವಿದೆ. ಶಿಲಾಹಾರ ಅರಸರ ಕಾಲದ, 1060ರ ಶಾಸನವುಳ್ಳ ಶಿವಾಲಯ ಈ ಊರಿಗೆ ಕೀರ್ತಿ ತಂದಿದೆ. ಇಪ್ಪತ್ತನೆಯ ಶತಮಾನದಲ್ಲಿ ಊರಿನ ಹೆಸರು ಇನ್ನೊಂದು ಕಾರಣದಿಂದಲೂ ಪ್ರಚಾರಕ್ಕೆ ಬಂದಿತು. ಅದು ಬೆಂಕಿಪೆಟ್ಟಿಗೆ. ಸ್ವೀಡನ್ನಿನ ಬಂಡವಾಳದಿಂದ 1923ರಲ್ಲಿ ಸ್ಥಾಪಿತವಾದ ವೆಸ್ಟರ್ನ್ ಇಂಡಿಯಾ ಮ್ಯಾಚ್ ಕಂಪನಿ, ಅಂದರೆ ವಿಮ್ಕೋ, ಇಲ್ಲಿ ತನ್ನ ಯಾಂತ್ರಿಕ ಕಾರ್ಖಾನೆಯನ್ನು ನಡೆಸಿತು. ಊರಿನ ಒಂದು ಭಾಗವನ್ನು ಜನರು ವಿಮ್ಕೋ ನಾಕಾ ಎಂದೇ ಕರೆಯತೊಡಗಿದರು.

ಅದೇ ಕಾಲದಲ್ಲಿ ದಕ್ಷಿಣದ ಶಿವಕಾಶಿಯಲ್ಲಿ ಇದೇ ಉದ್ದಿಮೆ ಬೇರೊಂದು ರೂಪದಲ್ಲಿ ಬೆಳೆಯಿತು. ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಎಂಬವರು 1922ರಲ್ಲಿ ಕಲ್ಕತ್ತೆಗೆ ಹೋಗಿ ಬೆಂಕಿಕಡ್ಡಿ ತಯಾರಿಕೆಯನ್ನು ಕಲಿತು ಬಂದರು. ಮಳೆ ಕಡಿಮೆಯಾದ ಆ ಪ್ರದೇಶದಲ್ಲಿ ಒಣಹವೆ ಕಡ್ಡಿ ಒಣಗಿಸಲು ಅನುಕೂಲವಾಗಿತ್ತು. ಬೇಸಾಯದಿಂದ ಹೊಟ್ಟೆ ತುಂಬದ ಕುಟುಂಬಗಳಿಗೆ ಕೈಕೆಲಸವೂ ಬೇಕಾಗಿತ್ತು. ಹೀಗೆ ಒಂದೇ ಸರಕನ್ನು ಒಂದೆಡೆ ಯಂತ್ರವೂ ಮತ್ತೊಂದೆಡೆ ಕೈಯೂ ತಯಾರಿಸಿ, ಒಂದೇ ಮಾರುಕಟ್ಟೆಯಲ್ಲಿ ಹಲವು ದಶಕಗಳ ಕಾಲ ಪೈಪೋಟಿ ನಡೆಸಿದವು. ಸ್ವಯಂಚಾಲನೆಯ ಗುಣದೋಷಗಳನ್ನು ಅರಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ವಿರಳ.

ಎರಡು ವಿಧಾನಗಳು

ಯಾಂತ್ರಿಕ ವಿಧಾನದಲ್ಲಿ ಮರದ ದಿಮ್ಮಿಯನ್ನು ತೆಳುವಾದ ಹಾಳೆಯಾಗಿ ಸುಲಿದು, ಕಡ್ಡಿಗಳಾಗಿ ಕತ್ತರಿಸಿ ಒಣಗಿಸಲಾಗುತ್ತದೆ. ರಂಧ್ರಗಳುಳ್ಳ ಉದ್ದನೆಯ ಚಲಿಸುವ ಪಟ್ಟಿಯಲ್ಲಿ ಯಂತ್ರವೇ ಕಡ್ಡಿಗಳನ್ನು ಸಿಕ್ಕಿಸುತ್ತದೆ. ಆ ಪಟ್ಟಿಯು ಕಡ್ಡಿಯ ತುದಿಯನ್ನು ಮೊದಲು ಮೇಣದಲ್ಲಿ, ಅನಂತರ ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಗಂಧಕ ಬೆರೆತ ಮದ್ದಿನಲ್ಲಿ ಅದ್ದಿ, ಸುತ್ತಿ ಬರುವಷ್ಟರಲ್ಲಿ ಒಣಗಿಸಿ, ಕೊನೆಗೆ ಪೆಟ್ಟಿಗೆಗೆ ತಳ್ಳುತ್ತದೆ.

ಕೈವಿಧಾನದಲ್ಲಿ ಇದೇ ಕ್ರಮವನ್ನು ಮನುಷ್ಯರು ಹಂಚಿಕೊಳ್ಳುತ್ತಾರೆ. ಒಬ್ಬರು ಚೌಕಟ್ಟಿಗೆ ಕಡ್ಡಿ ಜೋಡಿಸಿದರೆ, ಇನ್ನೊಬ್ಬರು ಅದನ್ನು ಮದ್ದಿನಲ್ಲಿ ಅದ್ದುತ್ತಾರೆ. ಮತ್ತೊಬ್ಬರು ಪೆಟ್ಟಿಗೆ ತುಂಬಿ ಚೀಟಿ ಅಂಟಿಸುತ್ತಾರೆ. ಕೂಲಿಯನ್ನು ಸಾಮಾನ್ಯವಾಗಿ ಮಾಡಿದ ಕೆಲಸದ ಎಣಿಕೆಯ ಮೇಲೆ ಕೊಡಲಾಗುತ್ತದೆ.

ಅನುಕೂಲಗಳು

ಯಂತ್ರದ ಮೊದಲ ಗುಣ ಏಕರೂಪತೆ. ಬೆಳಗಿನ ಕಡ್ಡಿಗೂ ಸಂಜೆಯ ಕಡ್ಡಿಗೂ ವ್ಯತ್ಯಾಸವಿರುವುದಿಲ್ಲ. ಎರಡನೆಯದು ವೇಗ, ಉತ್ಪಾದನೆ ಹೆಚ್ಚಿದಷ್ಟೂ ಪ್ರತಿ ಪೆಟ್ಟಿಗೆಯ ವೆಚ್ಚ ಇಳಿಯುತ್ತದೆ. ಮೂರನೆಯದು ಸುರಕ್ಷತೆ. ಬೆಂಕಿಕಡ್ಡಿಯ ಮದ್ದು ಘರ್ಷಣೆಗೆ ಹೊತ್ತಿಕೊಳ್ಳುವ ವಸ್ತುವಾದುದರಿಂದ, ಅದರ ಬಳಿ ಮನುಷ್ಯರ ಸಂಖ್ಯೆ ಕಡಿಮೆಯಾದಷ್ಟೂ ಅಪಾಯ ತಗ್ಗುತ್ತದೆ.

ಕೈಕೆಲಸವೆಲ್ಲ ಮಾನವೀಯವೆಂದೂ ಯಂತ್ರವೆಲ್ಲ ನಿರ್ದಯವೆಂದೂ ತಿಳಿಯುವುದು ಸರಿಯಲ್ಲ. ಶಿವಕಾಶಿಯ ಘಟಕಗಳಲ್ಲಿ ಮಕ್ಕಳು ದುಡಿಯುತ್ತಿದ್ದ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಎಂ. ಸಿ. ಮೆಹತಾ ಪ್ರಕರಣದಲ್ಲಿ 1996ರ ಡಿಸೆಂಬರ್ 10ರಂದು ನೀಡಿದ ತೀರ್ಪಿನಲ್ಲಿ, ಕಾನೂನು ಮೀರಿ ಕೆಲಸಕ್ಕಿಟ್ಟುಕೊಂಡ ಪ್ರತಿಯೊಂದು ಮಗುವಿಗಾಗಿ ಮಾಲೀಕನು 20,000 ರೂಪಾಯಿಗಳನ್ನು ಕಲ್ಯಾಣ ನಿಧಿಗೆ ಕಟ್ಟಬೇಕೆಂದು ನ್ಯಾಯಾಲಯವು ಆದೇಶಿಸಿತು. ಎಳೆಯ ಬೆರಳುಗಳಿಂದ ಅಗ್ಗವಾದ ಸರಕು ನಿಜವಾಗಿ ಅಗ್ಗವಲ್ಲ. ಅದರ ಬೆಲೆಯನ್ನು ಆ ಮಕ್ಕಳ ಓದು ಮತ್ತು ಆರೋಗ್ಯ ತೆರುತ್ತವೆ.

ಪ್ರತಿಕೂಲಗಳು

ಯಂತ್ರದ ದೊಡ್ಡ ದೋಷ ಉದ್ಯೋಗನಷ್ಟ. ಹತ್ತಾರು ಕೈಗಳ ಕೆಲಸವನ್ನು ಒಂದು ಯಂತ್ರ ಮಾಡಿದಾಗ ಉಳಿದವರ ಗತಿಯೇನೆಂಬ ಪ್ರಶ್ನೆ ಏಳುತ್ತದೆ. ಬೇರೆ ದುಡಿಮೆಯಿಲ್ಲದ ಬರಗಾಲದ ಹಳ್ಳಿಯಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ.

ಎರಡನೆಯ ದೋಷ ಹಲವರ ಗಮನಕ್ಕೆ ಬರುವುದಿಲ್ಲ. ಯಂತ್ರದ ಖರ್ಚು ಕೆಲಸವಿರಲಿ, ಇಲ್ಲದಿರಲಿ, ನಿಲ್ಲುವುದಿಲ್ಲ. ಒಂದು ಕಲ್ಪಿತ ಲೆಕ್ಕದಿಂದ ಇದನ್ನು ತಿಳಿಯಬಹುದು. ಹನ್ನೆರಡು ಲಕ್ಷ ರೂಪಾಯಿಯ ಯಂತ್ರವು ಹತ್ತು ವರ್ಷ ಬಾಳುವುದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ಸವೆತ 1,20,000 ರೂ.; ಶೇಕಡಾ 10ರಂತೆ ಬಡ್ಡಿ 1,20,000 ರೂ.; ನಡೆಸುವವನ ಸಂಬಳ 1,80,000 ರೂ.; ವಿದ್ಯುತ್ತು ಮತ್ತು ದುರಸ್ತಿ 60,000 ರೂ. ಒಟ್ಟು 4,80,000 ರೂ. ಅದೇ ಕೆಲಸಕ್ಕೆ ನಾಲ್ವರಿಗೆ ತಲಾ 1,50,000 ರೂಪಾಯಿಯಂತೆ ಕೂಲಿ 6,00,000 ರೂ. ಯಂತ್ರದಿಂದ 1,20,000 ರೂಪಾಯಿ ಉಳಿತಾಯ.

ಆದರೆ ಬೇಡಿಕೆ ಅರ್ಧಕ್ಕಿಳಿದರೆ ಎಣಿಕೆಯ ಕೂಲಿ 3,00,000 ರೂಪಾಯಿಗೆ ಇಳಿಯುತ್ತದೆ. ಯಂತ್ರದ ವೆಚ್ಚದಲ್ಲಿ ವಿದ್ಯುತ್ತು-ದುರಸ್ತಿಯ 30,000 ರೂಪಾಯಿ ಮಾತ್ರ ತಗ್ಗಿ 4,50,000 ರೂಪಾಯಿ ಉಳಿಯುತ್ತದೆ. ಲಾಭದ ಯಂತ್ರವೇ ಈಗ 1,50,000 ರೂಪಾಯಿಯ ಹೊರೆ. ಈ ಲೆಕ್ಕದಲ್ಲಿ ಯಂತ್ರವು ತನ್ನ ಸಾಮರ್ಥ್ಯದ ನಾಲ್ಕರಲ್ಲಿ ಮೂರು ಪಾಲಿಗಿಂತ ತುಸು ಹೆಚ್ಚಾಗಿ ದುಡಿದರೆ ಮಾತ್ರ ಲಾಭದಾಯಕ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಬೇಡಿಕೆ ಕುಗ್ಗಿದಾಗ ಕೈಕೆಲಸದಲ್ಲಿ ನಷ್ಟವಾಗುವುದಿಲ್ಲವೆಂದಲ್ಲ. ಅಲ್ಲಿ ನಷ್ಟವು ಮಾಲೀಕನ ಬದಲು ಕೂಲಿಕಾರನ ಮನೆಗೆ ಹೋಗುತ್ತದೆ. ಇದನ್ನೂ ತೂಕಕ್ಕೆ ಹಾಕಬೇಕು.

ಸರ್ಕಾರದ ಪಾತ್ರ

ಬೆಂಕಿಕಡ್ಡಿಯ ಮೇಲೆ 1934ರಲ್ಲಿ ಅಬಕಾರಿ ಸುಂಕ ಜಾರಿಗೆ ಬಂದಿತು. ಸ್ವಾತಂತ್ರ್ಯಾನಂತರ ಯಾಂತ್ರಿಕ ಕಾರ್ಖಾನೆಗಳಿಗಿಂತ ಕೈತಯಾರಿಕೆಯ ಘಟಕಗಳಿಗೆ ಕಡಿಮೆ ಸುಂಕ ವಿಧಿಸುವ ಕ್ರಮ ದೀರ್ಘಕಾಲ ನಡೆಯಿತು. ಈ ಉದ್ದಿಮೆಯನ್ನು ಸಣ್ಣ ಕೈಗಾರಿಕೆಗಳಿಗೆ ಮೀಸಲಿಡಲಾಯಿತು. ಇದರಿಂದ ಲಕ್ಷಾಂತರ ಕೈಗಳಿಗೆ ಕೆಲಸ ಉಳಿಯಿತು. ಆದರೆ ಯಂತ್ರದ ವೆಚ್ಚದ ಅನುಕೂಲ ಸುಂಕದಲ್ಲಿ ಕರಗಿ, ದೊಡ್ಡ ಕಾರ್ಖಾನೆಗಳ ಬೆಳವಣಿಗೆ ಕುಂಠಿತವಾಯಿತು. ಸ್ವೀಡನ್ನಿನ ಸಂಸ್ಥೆಯು 2005ರಲ್ಲಿ ವಿಮ್ಕೋದಲ್ಲಿನ ತನ್ನ ಪಾಲನ್ನು ಐಟಿಸಿ ಸಮೂಹಕ್ಕೆ ಮಾರಿತು. ಮೀಸಲು ಪಟ್ಟಿಯಲ್ಲಿ ಉಳಿದಿದ್ದ ಕೊನೆಯ 20 ಸರಕುಗಳನ್ನು 2015ರಲ್ಲಿ ಕೈಬಿಟ್ಟಾಗ ಬೆಂಕಿಪೆಟ್ಟಿಗೆಯೂ ಅವುಗಳಲ್ಲಿತ್ತು. ಸರಕು ಮತ್ತು ಸೇವಾ ತೆರಿಗೆಯಲ್ಲಿ ಕೈತಯಾರಿಕೆಗೆ ಶೇ. 5, ಇತರವುಗಳಿಗೆ ಶೇ. 18 ಎಂದಿದ್ದ ಭೇದವೂ 2020ರ ಏಪ್ರಿಲ್ 1ರಿಂದ ಹೋಗಿ, ಎಲ್ಲಕ್ಕೂ ಶೇ. 12ರ ಒಂದೇ ದರ ಬಂದಿತು. ತೆರಿಗೆಯ ಆಸರೆಯನ್ನೇ ನಂಬಿದ ಉದ್ದಿಮೆ ಒಂದಲ್ಲ ಒಂದು ದಿನ ತನ್ನ ಕಾಲ ಮೇಲೆ ನಿಲ್ಲಬೇಕಾಗುತ್ತದೆಂಬುದು ಇದರ ಪಾಠ.

ಕಾರ್ಮಿಕರಿಗೆ ರಕ್ಷಣೆ

ಯಂತ್ರವನ್ನು ಯಾವ ನಿಯಮದಂತೆ ತರಬೇಕೆಂಬುದನ್ನು 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಚರ್ಚಿಸಿತು. ಇರುವ ಕಾರ್ಮಿಕರನ್ನು ಕೆಲಸದಿಂದ ತೆಗೆಯಬಾರದು, ಅವರ ಗಳಿಕೆ ಕುಗ್ಗಬಾರದು, ದೊರೆತ ಲಾಭವನ್ನು ನ್ಯಾಯವಾಗಿ ಹಂಚಬೇಕು, ಕೆಲಸದ ಹೊರೆಯನ್ನು ಸರಿಯಾಗಿ ಅಳೆಯಬೇಕು ಎಂಬ ತತ್ತ್ವಗಳಿಗೆ ಅಲ್ಲಿ ಸಮ್ಮತಿ ದೊರೆಯಿತು. ಕೆಲಸ ಕಡಿತಕ್ಕೆ ಎಡೆಗೊಡುವಂಥ ಯಂತ್ರಸುಧಾರಣೆಗೆ ಮುನ್ನ ಕಾರ್ಮಿಕರಿಗೆ 21 ದಿನಗಳ ತಿಳಿವಳಿಕೆ ಪತ್ರ ನೀಡಬೇಕೆಂಬ ನಿಯಮ 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಇದಲ್ಲದೆ, ಕಡಿತಗೊಂಡ ಪ್ರತಿ ಕಾರ್ಮಿಕನ ಹೆಸರಿನಲ್ಲಿ ಮಾಲೀಕನು 15 ದಿನಗಳ ವೇತನವನ್ನು ಮರುತರಬೇತಿಯ ನಿಧಿಗೆ ಕಟ್ಟಬೇಕೆಂದು ಈ ಸಂಹಿತೆ ವಿಧಿಸಿದೆ.

ನಿರ್ಧಾರಕ್ಕೆ ಮುನ್ನ

ಯಂತ್ರ ಕೊಳ್ಳುವ ಉದ್ದಿಮೆದಾರನು ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಒಳಿತು:

1. ವರ್ಷದುದ್ದಕ್ಕೂ ಯಂತ್ರಕ್ಕೆ ಸಾಕಾಗುವಷ್ಟು ಬೇಡಿಕೆ ಇದೆಯೆ?

2. ಯಂತ್ರ ಕೆಟ್ಟರೆ ದುರಸ್ತಿಯವರು ಮತ್ತು ಬಿಡಿಭಾಗಗಳು ಸಮೀಪದಲ್ಲಿ ದೊರೆಯುವರೆ?

3. ಎಲ್ಲ ಹಂತಗಳಿಗೂ ಯಂತ್ರ ಬೇಕೆ? ಅಪಾಯಕಾರಿಯಾದ ಅಥವಾ ಬೇಸರ ತರುವ ಒಂದೆರಡು ಹಂತಗಳಿಗಷ್ಟೇ ಸಾಕೆ?

4. ಕೆಲಸ ಕಳೆದುಕೊಳ್ಳುವವರಲ್ಲಿ ಎಷ್ಟು ಮಂದಿಗೆ ಯಂತ್ರ ನಡೆಸುವ, ಪರೀಕ್ಷಿಸುವ ಕೆಲಸ ಕಲಿಸಬಹುದು?

ಮೂರನೆಯ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಮದ್ದು ಅದ್ದುವ ಹಂತವನ್ನು ಯಂತ್ರಕ್ಕೆ ಒಪ್ಪಿಸಿ, ಪೆಟ್ಟಿಗೆಯ ಪರೀಕ್ಷೆ ಮತ್ತು ಜೋಡಣೆಯನ್ನು ಕೈಗೆ ಬಿಟ್ಟರೆ ಅಪಾಯ ತಗ್ಗುತ್ತದೆ, ಕೆಲಸವೂ ಉಳಿಯುತ್ತದೆ, ಹೂಡಬೇಕಾದ ಬಂಡವಾಳವೂ ಮಿತವಾಗಿರುತ್ತದೆ. ಬೆಂಕಿಕಡ್ಡಿ ಒಲೆಯನ್ನೂ ಹೊತ್ತಿಸುತ್ತದೆ, ಮನೆಯನ್ನೂ ಸುಡುತ್ತದೆ. ಯಂತ್ರದ ಗುಣವೂ ಅಂಥದೇ ಆದುದರಿಂದ, ಅದನ್ನು ತರುವ ಮುನ್ನ ಲೆಕ್ಕದ ಪುಸ್ತಕದೊಂದಿಗೆ ದುಡಿಯುವವರ ಮುಖವನ್ನೂ ನೋಡಿ ತೀರ್ಮಾನಿಸುವುದು ಉದ್ದಿಮೆದಾರನಿಗೂ ಸಮಾಜಕ್ಕೂ ಶ್ರೇಯಸ್ಕರ.