ಇನ್ನೊಂದು ಬಕೆಟ್ ನೀರು ಎಂದಾಗ

ಮಗಳೇ, ಬರುವ ಗುರುವಾರ ಸ್ಲ್ಯಾಬ್ ಹಾಕಿಸುವುದೆಂದು ನಿನ್ನಪ್ಪ ಫೋನಿನಲ್ಲಿ ಹೇಳಿದ. ನನ್ನ ಮೊಣಕಾಲು ಈಗ ಏಣಿ ಹತ್ತಲು ಬಿಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಆ ದಿನ ಕೆಲಸದವರ ಊಟ-ತಿಂಡಿಯ ಉಸ್ತುವಾರಿಯನ್ನು ಬೇರೆ ಯಾರಿಗಾದರೂ ವಹಿಸಿ, ನೀನು ಮಿಕ್ಸರ್ ಪಕ್ಕದಲ್ಲಿ ನಿಂತುಬಿಡು.

ಹನ್ನೊಂದರ ಹೊತ್ತಿಗೆ ಬಿಸಿಲೇರುತ್ತದೆ. ಬಾಂಡ್ಲಿಯಿಂದ ಸುರಿದ ಕಾಂಕ್ರೀಟ್ ಕಂಬಿಗಳ ಸಂದಿಗೆ ಇಳಿಯದೆ ಗುಪ್ಪೆಯಾಗಿ ನಿಲ್ಲುತ್ತದೆ. ಆಗ ಮೇಲಿನಿಂದ ಕೂಗು ಬರುತ್ತದೆ, "ಸ್ವಲ್ಪ ಲೂಸ್ ಮಾಡಿ ಕಳ್ಸಿ!" ಕೆಳಗಿದ್ದವನು ಅಳತೆ ನೋಡದೆ ಇನ್ನೊಂದು ಬಕೆಟ್ ಎತ್ತುತ್ತಾನೆ. ಅವನ ಮೇಲೆ ರೇಗಬೇಡ. ಬೆಳಗಿನಿಂದ ಸಲಿಕೆ ಎಳೆದ ರಟ್ಟೆಗಳಿಗೆ ನೀರು ಹೆಚ್ಚಾದಷ್ಟೂ ಹಗುರ. ಆದರೆ ಆ ಬಕೆಟ್ ಬೀಳಲು ಮಾತ್ರ ಬಿಡಬೇಡ.

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂದು ಬಹಳ ಜನ ತಿಳಿದಿದ್ದಾರೆ. ಅದು ಕಲ್ಲಾಗುವುದು ನೀರಿನೊಡನೆ ಕೂಡಿ. 50 ಕೆಜಿಯ ಒಂದು ಚೀಲ ಸಿಮೆಂಟು ತನ್ನೊಳಗೆ ಸೇರಿಸಿಕೊಂಡು ಹಿಡಿದಿಡುವುದು ಸುಮಾರು 19 ಲೀಟರ್ ನೀರು. ಉಳಿದದ್ದೆಲ್ಲ ಕಲಸುವ, ಹರಡುವ ಅನುಕೂಲಕ್ಕೆ. ಆ ಹೆಚ್ಚಿನ ನೀರು ಮುಂದೆ ಆರಿಹೋಗುತ್ತದೆ, ಅದಿದ್ದ ಜಾಗ ಕಣ್ಣಿಗೆ ಕಾಣದ ತೂತಾಗಿ ಉಳಿಯುತ್ತದೆ. ಕಡಲ ಗಾಳಿ ತಾಗುವ ನಮ್ಮಂಥ ಊರಿಗೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುವ ಮಿತಿ ಸಿಮೆಂಟಿನ ತೂಕದ 0.45 ಪಾಲು ನೀರು, ಎಂದರೆ ಚೀಲಕ್ಕೆ 22.5 ಲೀಟರ್. ಅದನ್ನು 30ಕ್ಕೆ ಏರಿಸಿದರೆ ಸುಮಾರು ಮೂರರಲ್ಲೊಂದು ಭಾಗ ಶಕ್ತಿ ಹೋಯಿತೆಂದೇ ಲೆಕ್ಕ. ಡಫ್ ಏಬ್ರಾಮ್ಸ್ ಎಂಬಾತ ಶಿಕಾಗೋದಲ್ಲಿ 1918ರಲ್ಲೇ ಇದನ್ನು ತೋರಿಸಿಕೊಟ್ಟಿದ್ದಾನೆ. ಮರಳು ಒದ್ದೆಯಿದ್ದರೆ ಅದರಲ್ಲಿರುವ ನೀರನ್ನೂ ಈ ಲೆಕ್ಕಕ್ಕೆ ಹಿಡಿ. ಕಾಂಕ್ರೀಟ್ ಸಡಿಲ ಬೇಕೇ ಬೇಕೆಂದರೆ ಪ್ಲಾಸ್ಟಿಸೈಸರ್ ತರಿಸು, ಡಬ್ಬದ ಮೇಲೆ ಬರೆದ ಅಳತೆಯಲ್ಲೇ ಹಾಕಿಸು. ಸೆಂಟ್ರಿಂಗ್ ಸಂದಿಯಿಂದ ಸಿಮೆಂಟಿನ ತಿಳಿ ತೊಟತೊಟ ಸೋರತೊಡಗಿದರೆ ನೀರು ಹೆಚ್ಚಾಗಿದೆಯೋ ಎಂದು ಅಲ್ಲೇ ಕೆಲಸ ನಿಲ್ಲಿಸಿ ವಿಚಾರಿಸು.

ಇನ್ನು ಎಂಥ ನೀರು ಎಂಬ ಮಾತು. ಇದನ್ನು ಹೇಳಲು ನನಗೆ ಸಂಕಟವಾಗುತ್ತದೆ. ಓವರ್‌ಸಿಯರ್ ಆದ ಹೊಸತರಲ್ಲಿ ಕಡಲ ಬದಿಯ ಒಂದು ಶಾಲೆಯ ಕಟ್ಟಡ ನನ್ನ ಕೈಲಿತ್ತು. ಮೇ ತಿಂಗಳು, ಟ್ಯಾಂಕರ್ ಬರಲಿಲ್ಲ, ಪಕ್ಕದ ಬಾವಿಯ ನೀರು ಬಾಯಿಗಿಟ್ಟರೆ ಉಪ್ಪು. ಒಂದು ದಿನದ ಕೆಲಸ ತಾನೇ ಎಂದು ಒಪ್ಪಿಬಿಟ್ಟೆ. ಹತ್ತು ವರ್ಷ ತುಂಬಿರಲಿಲ್ಲ, ಸಜ್ಜದ ಅಡಿಯಲ್ಲಿ ಕಂಬಿ ಹೋದ ಗೆರೆಯುದ್ದಕ್ಕೂ ಬಿರುಕು, ಬಿರುಕಿನಲ್ಲಿ ಕಂದು ಕಲೆ. ಒಂದು ಬೆಳಿಗ್ಗೆ ಅಂಗೈ ಅಗಲದ ಚಕ್ಕೆ ಜಗಲಿಗೆ ಬಿತ್ತು. ಮಕ್ಕಳು ಪ್ರಾರ್ಥನೆಗೆಂದು ಅಂಗಳದಲ್ಲಿದ್ದರು, ಅಷ್ಟೇ ಪುಣ್ಯ. ಆ ಚಕ್ಕೆಯನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಕಂಬಿಯ ಅಚ್ಚು ಅದರಲ್ಲಿ ಹಾಗೇ ಮೂಡಿತ್ತು, ತುಕ್ಕು ಪದರಪದರವಾಗಿ ಎದ್ದು ಬೆರಳಿಗೆ ಉದುರುತ್ತಿತ್ತು.

ಸಿಮೆಂಟು ನೀರು ಕೂಡಿದಾಗ ಸುಣ್ಣ ಹುಟ್ಟುತ್ತದೆ. ಆ ಸುಣ್ಣದ ಕ್ಷಾರವೇ ಕಂಬಿಯ ಸುತ್ತ ತೆಳ್ಳನೆಯ ಪೊರೆ ಕಟ್ಟಿ ಕಾಯುತ್ತದೆ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಹರಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ. ಕಂಬಿ ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ಕ್ಲೋರೈಡ್ ಮೀರಬಾರದು. ಸಮುದ್ರದ ನೀರಿನಲ್ಲಿರುವುದು ಸುಮಾರು 19,000. ನೂರು ಲೀಟರ್ ಸಿಹಿನೀರಿಗೆ ಮೂರು ಲೀಟರ್ ಕಡಲ ನೀರು ಬೆರೆತರೂ ಮಿತಿ ದಾಟಿತು. ನಿನ್ನ ಬಾವಿ ಅಳಿವೆಗೆ ಹತ್ತಿರ, ಬೇಸಿಗೆಯಲ್ಲಿ ನಾಲಗೆಯನ್ನು ನಂಬಬೇಡ. ಅಳಿವೆಯಲ್ಲಿ ತೆಗೆದ ಮರಳೂ ಬೇಡ.

ಸಿಮೆಂಟು ಯಾವುದೆಂದು ಕೇಳಿದ್ದೆಯಲ್ಲ. ಹಾರುಬೂದಿ ಬೆರೆಸಿದ ಪಿಪಿಸಿಯನ್ನೋ ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆಸಿದ ಸ್ಲ್ಯಾಗ್ ಸಿಮೆಂಟನ್ನೋ ಧೈರ್ಯವಾಗಿ ತೆಗೆದುಕೋ. ಅವು ಹೆಚ್ಚುವರಿ ಸುಣ್ಣವನ್ನು ಮತ್ತೆ ಅಂಟಾಗಿ ಮಾಡಿ ತೂತುಗಳನ್ನು ಮುಚ್ಚುತ್ತವೆ, ಉಪ್ಪು ಒಳಗಿಳಿಯುವುದು ನಿಧಾನವಾಗುತ್ತದೆ. ಕನ್ನಂಬಾಡಿ ಕಟ್ಟೆಯ ಸುರ್ಕಿ ಗಾರೆಯಲ್ಲಿ ಇಟ್ಟಿಗೆ ಪುಡಿ ಸುಣ್ಣದ ಜೊತೆ ಮಾಡಿದ್ದೂ ಇದೇ ಜಾತಿಯ ಕೆಲಸ. ಆದರೆ ಈ ಸಿಮೆಂಟುಗಳು ಬಲಿಯುವುದು ತಡ. ಆದ್ದರಿಂದ ಕಲಸುವಾಗ ಬಿಗಿ ಹಿಡಿದ ನೀರನ್ನು ಆಮೇಲೆ ಕೈಬಿಚ್ಚಿ ಕೊಡು. ಸ್ಲ್ಯಾಬಿನ ಮೇಲೆ ಕಟ್ಟೆ ಕಟ್ಟಿಸಿ ಕನಿಷ್ಠ 10 ದಿನ ನೀರು ನಿಲ್ಲಿಸು, ಸಾಧ್ಯವಾದರೆ 14. ಬೆಳಿಗ್ಗೆ ಒಮ್ಮೆ ಪೈಪು ಹಿಡಿದು ಮಧ್ಯಾಹ್ನಕ್ಕೆ ಬಿಳುಚಿಕೊಳ್ಳಲು ಬಿಡುವುದು ಕ್ಯೂರಿಂಗ್ ಅಲ್ಲ. ಆ ನೀರೂ ಸಿಹಿನೀರೇ ಆಗಿರಬೇಕು.

ಇವತ್ತೇ ಬಾವಿ ನೀರನ್ನು ತೊಳೆದ ಬಾಟಲಿಯಲ್ಲಿ ತುಂಬಿ ಲ್ಯಾಬಿಗೆ ಕೊಟ್ಟು ಬಾ. ವರದಿಯ ಫೋಟೊ ನನಗೆ ಕಳಿಸು. ಅದು ಬರುವುದು ತಡವಾದರೆ ಗುರುವಾರದ ಕೆಲಸವನ್ನು ಮುಂದಕ್ಕೆ ಹಾಕು, ಮೇಸ್ತ್ರಿಯ ಹತ್ತಿರ ನಾನು ಮಾತಾಡುತ್ತೇನೆ.